ಮಗನ ಗೇಮು, ಅಮ್ಮನ ದುಡ್ಡು

ಪ್ರಶ್ನೆ: ಮೇಡಂ, 4ನೇ ಕ್ಲಾಸ್ ಓದೋ ಮಗ ನನ್ ಫೋನಲ್ಲಿ ಗೇಮ್ ಆಡ್ತಾ ಗೇಮೊಳಗಿನ ಡೈಮಂಡ್ಸ್ ಕೊಳ್ಳೋಕೆ ಅಂತ 1,800 ರೂಪಾಯಿ ಖರ್ಚು ಮಾಡ್ಬಿಟ್ಟಿದಾನೆ, ಮನೆಯವ್ರು ಹೊಡೆದ್ರು, ಈಗ ಮಗ ಮಾತೇ ಆಡ್ತಿಲ್ಲ. ಏನ್ ಮಾಡ್ಲಿ?
(ಓದುಗರು, ದಾವಣಗೆರೆ)

ಉತ್ತರ: ಅಕ್ಕಾ, ಮೊದ್ಲು ಪಕ್ಕ ಕೂರಿಸ್ಕೊಂಡು ಮಾತಾಡ್ಸಿ, ಹೊಡೆತ ತಿಂದ ಮಗು ಮುಂದೆ ಎಲ್ಲಾ ಮುಚ್ಚಿಡುತ್ತೆ, ನಾಳೆ ಗೇಮ್ ಚಾಟಲ್ಲಿ ಯಾರೋ ಗೊತ್ತಿಲ್ದೋರು ಫೋಟೋ ಕೇಳಿದ್ರೂ ನಿಮಗೆ ಹೇಳಲ್ಲ, ನಂಗೆ ಅದೇ ಭಯ. ಡೈಮಂಡ್ ಅಂದ್ರೆ ನಿಜವಾದ ದುಡ್ಡು ಅಂತ ಅವನಿಗೆ ಅನ್ಸೇ ಇರಲ್ಲ, 1,800ಕ್ಕೆ ಮನೆಗೆ ಎಷ್ಟು ದಿನದ ಹಾಲು ಬರುತ್ತೆ ಅಂತ ಅವನ ಕೈಲೇ ಲೆಕ್ಕ ಹಾಕ್ಸಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ. ಫೋನ್ ಸೆಟ್ಟಿಂಗ್ಸಲ್ಲಿರೋ ಡಿಜಿಟಲ್ ವೆಲ್‌ಬೀಯಿಂಗಲ್ಲಿ ಆ ಗೇಮಿಗೆ ಟೈಮ್ ಲಿಮಿಟ್ ಹಾಕ್ಬಹುದು, ಆದ್ರೆ ಎಷ್ಟೊತ್ತು ಅನ್ನೋದನ್ನ ಅವನ ಜೊತೆ ಕೂತೇ ತೀರ್ಮಾನಿಸಿ. ಊಟದ ಹೊತ್ತಲ್ಲಿ ಯಜಮಾನ್ರ ಫೋನೂ ದೂರ ಇರ್ಲಿ.