ಒಂದು ಕಡೆ ಮಾತ್ರ ಕೇಳುವ ಫೋನು

ಪ್ರಶ್ನೆ: ಸರ್, ಶಿರಸಿಯಲ್ಲಿ ನಮ್ಮದೊಂದು ಅಡಿಕೆ ಸೊಸೈಟಿ. 2017ರಲ್ಲಿ ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಸಿದ್ದೆವು, ಅದನ್ನು ನಡೆಸುವ ಸಾಫ್ಟ್‌ವೇರ್ ಫ್ರೀಪಿಬಿಎಕ್ಸ್. ಒಟ್ಟು 30 ಫೋನು, ಕುಮಟಾ ಶಾಖೆಯ ಐದು ಅದರಲ್ಲೇ ಸೇರಿವೆ. ಹಾಕಿಕೊಟ್ಟ ಮಾಣಿ ಈಗ ಬೆಂಗಳೂರಲ್ಲಿದ್ದಾನೆ. ಎರಡು ತಿಂಗಳ ಹಿಂದೆ ಇಂಟರ್ನೆಟ್ ಕಂಪನಿ ಬದಲಿಸಿದೆವು. ಅಲ್ಲಿಂದ ಶುರು. ರೈತರು ದರ ಕೇಳಲು ಫೋನ್ ಮಾಡಿದರೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದ್ದು ನಮಗೆ ಕೇಳೋದಿಲ್ಲ. ಒಬ್ಬರು ಬಂದು ನೋಡಿ ‘ಪೂರ್ತಿ ಹೊಸದು ಹಾಕಿ’ ಅಂದರು. ಹಾಕಬೇಕಾ?
— ಓದುಗರೊಬ್ಬರು, ಶಿರಸಿ

ಉತ್ತರ: ಹಾಕಬೇಕು, ಆದರೆ ಈ ತೊಂದರೆಗಾಗಿ ಅಲ್ಲ. ಎರಡನ್ನೂ ಬೆರೆಸಬೇಡಿ.

ಇಂತಹ ಫೋನಿನಲ್ಲಿ ಗಂಟೆ ಬಾರಿಸುವ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. ಕರೆ ಬಂದಾಗ ನಿಮ್ಮ ಸಿಸ್ಟಂ ಆಚೆ ಕಡೆಗೆ ‘ಮಾತನ್ನು ಈ ಐಪಿ ವಿಳಾಸಕ್ಕೆ ಕಳಿಸು’ ಅಂತ ಹೇಳುತ್ತದೆ. ಐಪಿ ವಿಳಾಸ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಬಾಗಿಲ ನಂಬರು. ನೀವು ಕಂಪನಿ ಬದಲಿಸಿದಿರಿ, ವಿಳಾಸವೂ ಬದಲಾಯಿತು, ಸಿಸ್ಟಂ ಮಾತ್ರ ಹಳೆಯದನ್ನೇ ಹೇಳುತ್ತಾ ಕೂತಿರಬೇಕು. ರಾಶಿ ಅಡಿಕೆಗೆ ಎಷ್ಟು, ಚಾಲಿ ಅಡಿಕೆಗೆ ಎಷ್ಟು ಅಂತ ರೈತರು ಕೇಳಿದ್ದೆಲ್ಲ ಬೇರೆ ಯಾರದೋ ಬಾಗಿಲಿಗೆ ಹೋಗಿ ಬೀಳುತ್ತಿದೆ. ಗಂಟೆ ಬಾರಿಸುವ ಕ್ರಮಕ್ಕೆ ಸಿಪ್ ಅನ್ನುತ್ತಾರೆ. ಫ್ರೀಪಿಬಿಎಕ್ಸ್‌ನ ಸಿಪ್ ಸೆಟ್ಟಿಂಗ್ಸ್ ಪುಟದಲ್ಲಿ ‘ಎಕ್ಸ್‌ಟರ್ನಲ್ ಅಡ್ರೆಸ್’ ಅಂತ ಇದೆ, ಅಲ್ಲಿ ಹೊಸ ವಿಳಾಸ ಹಾಕಿ. ಅದು ಸ್ಟ್ಯಾಟಿಕ್ ಐಪಿಯಾ, ಅಂದರೆ ಎಂದೂ ಬದಲಾಗದ ವಿಳಾಸವಾ ಅಂತಲೂ ಇಂಟರ್ನೆಟ್ ಕಂಪನಿಯನ್ನು ಕೇಳಿಕೊಳ್ಳಿ, ಅಲ್ಲವಾದರೆ ಕರೆಂಟ್ ಹೋಗಿ ರೂಟರ್ ಮತ್ತೆ ಆನ್ ಆದಾಗ ಇದೇ ರಾಮಾಯಣ. ಆಗಲೂ ಸರಿಯಾಗದಿದ್ದರೆ ಹೊಸ ರೂಟರಿನಲ್ಲಿ 10000ದಿಂದ 20000ದವರೆಗಿನ ಯುಡಿಪಿ ಪೋರ್ಟುಗಳು (ಮಾತು ಒಳಗೆ ಬರುವ ಬಾಗಿಲುಗಳು) ಫೋನ್ ಸಿಸ್ಟಂ ಕಡೆಗೆ ತಿರುಗಿವೆಯಾ ನೋಡಿ, ರೂಟರ್ ತಾನೇ ಕರೆಯ ವಿಳಾಸ ತಿದ್ದುವ ಸಿಪ್ ಎಎಲ್‌ಜಿ ಅನ್ನುವುದನ್ನು ಆಫ್ ಮಾಡಿ. ಸಹಾಯಕ್ಕೆಂದೇ ಇಟ್ಟದ್ದಂತೆ, ನಾನು ನೋಡಿದ ಮಟ್ಟಿಗೆ ಅದರಿಂದ ಉಪದ್ರವೇ ಜಾಸ್ತಿ.

ಇನ್ನು ಹೊಸದರ ವಿಷಯ. ನಿಮ್ಮ ಕಾಲದ ಫ್ರೀಪಿಬಿಎಕ್ಸ್ ನಿಂತಿರುವುದು ಸೆಂಟ್‌ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ. ಅದರ 7ನೇ ಆವೃತ್ತಿಗೂ 2024ರ ಜೂನ್ 30ಕ್ಕೆ ಅಪ್‌ಡೇಟ್ ನಿಂತಿತು. ಫ್ರೀಪಿಬಿಎಕ್ಸ್ 17 ನಡೆಯುವುದು ಡೆಬಿಯನ್ 12 ಅನ್ನುವ ಬೇರೆಯೇ ಆಪರೇಟಿಂಗ್ ಸಿಸ್ಟಂ ಮೇಲೆ, ಹಾಗಾಗಿ ಅದೇ ಪೆಟ್ಟಿಗೆಯಲ್ಲಿ ಬಟನ್ ಒತ್ತಿ ಈಚೆ ದಾಟಲು ಆಗುವುದಿಲ್ಲ. ಇನ್ನೊಂದು ತೊಡಕಿದೆ. ನಿಮ್ಮ ಒಳಗಿನ ಫೋನುಗಳ ನಂಬರುಗಳು ‘ಚಾನ್ ಸಿಪ್’ ಅನ್ನುವ ಹಳೇ ಕ್ರಮದಲ್ಲಿ ಇದ್ದರೆ, ಫ್ರೀಪಿಬಿಎಕ್ಸ್‌ನ ಕೆಳಗೆ ಕರೆ ನಡೆಸುವ ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರಿನ 21ನೇ ಆವೃತ್ತಿಯಿಂದ ಅದನ್ನು ತೆಗೆದೇ ಹಾಕಿದ್ದಾರೆ. ಈಗ ‘ಪಿಜೆಸಿಪ್’ ಅನ್ನುವ ಹೊಸ ಕ್ರಮ ಬೇಕು.

ನನ್ನ ಸಲಹೆ ಕೇಳಿದರೆ, ಹಳೆಯದನ್ನು ಮುಟ್ಟಲೇಬೇಡಿ. ಬೇರೆ ಕಂಪ್ಯೂಟರಿನಲ್ಲಿ ಹೊಸದನ್ನು ಕೂರಿಸಿ. ಹಳೆಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ತೆಗೆದಿಡಿ, ಆದರೆ ಅದನ್ನು ಹೊಸದಕ್ಕೆ ಸುರಿಯುವ ಬದಲು ನಂಬರುಗಳನ್ನು ಕೈಯಿಂದಲೇ ಸೇರಿಸಿ. ಮೂವತ್ತೇ ಅಲ್ವಾ, ಒಂದು ಮಧ್ಯಾಹ್ನದ ಕೆಲಸ, ಇಷ್ಟು ವರ್ಷದ ಕಸವೂ ಹಿಂದೆ ಉಳಿಯುತ್ತದೆ. ಮೊದಲು ಮ್ಯಾನೇಜರ್ ಮೇಜಿನದ್ದು, ಕುಮಟೆಯದ್ದು ಅಂತ ಎರಡೇ ಫೋನ್ ಹೊಸದಕ್ಕೆ ಸೇರಿಸಿ ವಾರ ನೋಡಿ. ಉಳಿದದ್ದು ಒಂದು ಭಾನುವಾರ. ಹಳೇ ಪೆಟ್ಟಿಗೆ ತಿಂಗಳಾದರೂ ಅಲ್ಲೇ ಇರಲಿ, ಸ್ವಿಚ್ ಆಫ್ ಮಾಡಿ.

ಹೊಸದರಲ್ಲಿ ಹಳೇ ತಪ್ಪು ಬೇಡ. 201ನೇ ನಂಬರಿಗೆ 201 ಅಂತಲೇ ಪಾಸ್‌ವರ್ಡ್ ಇಟ್ಟು, ಕರೆ ಒಳಗೆ ಬರುವ 5060 ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಟ್ಟ ಕಚೇರಿಯೊಂದನ್ನು ನೋಡಿದ್ದೇನೆ. ಒಂದು ಶನಿವಾರ ರಾತ್ರಿ ಯಾರೋ ಹೊಕ್ಕು ಬೆಳಗಿನ ತನಕ ವಿದೇಶಕ್ಕೆ ಕರೆ ಮಾಡಿದರು, ಬಿಲ್ಲು ಕಚೇರಿಗೆ ಬಂತು. ಕುಮಟೆಯವರು ವಿಪಿಎನ್ (ಇಂಟರ್ನೆಟ್ ಮೇಲೆ ಬೀಗ ಹಾಕಿದ ಖಾಸಗಿ ದಾರಿ) ಮೂಲಕವೇ ಒಳಗೆ ಬರಲಿ. ವಿದೇಶಕ್ಕೆ ಕರೆಯೇ ಬೇಡವಾದರೆ ಐಎಸ್‌ಡಿ ಬಂದ್ ಮಾಡಿ ಅಂತ ಫೋನ್ ಲೈನ್ ಕೊಟ್ಟ ಕಂಪನಿಗೆ ಕಾಗದ ಬರೆದುಕೊಡಿ. ಪಾಸ್‌ವರ್ಡು ಆ ಮಾಣಿಯ ತಲೆಯಲ್ಲಿ ಮಾತ್ರ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ, ಬರೆದು ತಿಜೋರಿಯಲ್ಲಿಡಿ.

ಮತ್ತೆ ಮಳೆಗಾಲ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಧರೆ ಕುಸಿದರೆ ಫೈಬರಿನ ಕಥೆ ನಾನು ಹೇಳಬೇಕಾಗಿಲ್ಲ. ನಿಮ್ಮ ಸಿಸ್ಟಂ ಸಿಗದೇ ಹೋದಾಗ ಕರೆ ತಾನಾಗಿ ಒಂದು ಮೊಬೈಲಿಗೆ ಹೋಗುವಂತೆ ಫೋನ್ ಲೈನ್ ಕಂಪನಿಯಿಂದಲೇ ಮಾಡಿಸಿ. ನಿಮ್ಮ ಪೆಟ್ಟಿಗೆಯಲ್ಲಿ ಮಾಡಿಟ್ಟರೆ ಪ್ರಯೋಜನವಿಲ್ಲ, ಸಂಪರ್ಕ ಕಡಿದಾಗ ಅದಕ್ಕೆ ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಕರೆಂಟ್ ಹೋದಾಗ ನಡೆಸುವ ಯುಪಿಎಸ್‌ಗೆ ರೂಟರ್, ಸ್ವಿಚ್ಚು, ಫೈಬರಿನ ಡಬ್ಬಿ ಎಲ್ಲವನ್ನೂ ಸೇರಿಸಿ. ಸರ್ವರ್ ಒಂದಕ್ಕೇ ಕೊಟ್ಟು ಉಳಿದದ್ದನ್ನು ಮರೆಯುವವರು ಬಹಳ ಜನ.

ಪ್ರಶ್ನೆ: ಕಾರವಾರದ ನಮ್ಮ ಆಫೀಸಿನಲ್ಲಿ 100 ಎಂಬಿಪಿಎಸ್ ಲೈನ್ ಇದೆ. ಆದರೂ ಸಂಜೆ ಐದಾದರೆ ಫೋನಿನ ಮಾತು ತುಂಡು ತುಂಡು. 200ಕ್ಕೆ ಏರಿಸಿದರೆ ಸರಿಯಾಗುತ್ತಾ?
— ಓದುಗರೊಬ್ಬರು, ಕಾರವಾರ

ಉತ್ತರ: ಸುಮ್ನೆ ದುಡ್ಡು ಹಾಳು. ಸಾಮಾನ್ಯವಾಗಿ ಬಳಸುವ ಜಿ.711 ಕೋಡೆಕ್‌ನಲ್ಲಿ (ಮಾತನ್ನು ಡೇಟಾ ಮಾಡುವ ಕ್ರಮ) ಒಂದು ಕರೆಗೆ ಬೇಕಾಗುವುದು ಒಂದೊಂದು ಕಡೆಗೆ ಸುಮಾರು 90 ಕೆಬಿಪಿಎಸ್. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ (1000 ಕೆಬಿಪಿಎಸ್) ಮುಟ್ಟುವುದಿಲ್ಲ. ಐದಕ್ಕೆ ಸರಿಯಾಗಿ ಏನು ಶುರುವಾಗುತ್ತದೆ ಅಂತ ಹುಡುಕಿ. ಕ್ಲೌಡಿಗೆ ಬ್ಯಾಕಪ್ಪೋ, ಸಿಸಿ ಕ್ಯಾಮೆರಾದ ಅಪ್‌ಲೋಡೋ ಇರಬೇಕು. ಅದನ್ನು ರಾತ್ರಿ ಹನ್ನೊಂದಕ್ಕೆ ದೂಡಿ, ರೂಟರಿನಲ್ಲಿ ಫೋನಿನ ಮಾತಿಗೆ ಮೊದಲ ಆದ್ಯತೆ ಕೊಡಿ. ಮತ್ತೆ ಮೇಜಿನ ಫೋನುಗಳು ವೈಫೈ ಮೇಲಿದ್ದರೆ ಮೊದಲು ಕೇಬಲ್ ಎಳೆಸಿ.