ಐರಿಷ್ ಭಾಷೆಯ ಹಳೆಯ ಪುಸ್ತಕಗಳಲ್ಲಿ ಅಕ್ಷರಗಳ ಮೇಲೆ ಚುಕ್ಕೆ ಏಕೆ?

ಚುಕ್ಕೆಯಿರುವ ವ್ಯಂಜನವನ್ನು ಮೆತ್ತಗೆ ಉಚ್ಚರಿಸಬೇಕೆಂಬ ಸೂಚನೆ ಅದು. ಹೊಸ ಪುಸ್ತಕಗಳಲ್ಲಿ ಅದೇ ಕೆಲಸವನ್ನು ಪಕ್ಕದ ‘ಎಚ್’ ಅಕ್ಷರ ಮಾಡುತ್ತದೆ.

ಐರಿಷ್‌ನಲ್ಲಿ ಕೆಲವು ಪದಗಳ ನಂತರ ಬರುವ ಪದದ ಮೊದಲ ವ್ಯಂಜನವೇ ಬದಲಾಗುತ್ತದೆ. ‘ಬ್ಯಾನ್’ ಎಂದರೆ ಹೆಂಗಸು. ‘ಆ ಹೆಂಗಸು’ ಎನ್ನಲು ‘ಅನ್ ವ್ಯಾನ್’. ನಮ್ಮಲ್ಲಿ ‘ಮೆಲ್’ ಜೊತೆ ‘ಮಾತು’ ಸೇರಿ ‘ಮೆಲ್ವಾತು’ ಆಗುವುದನ್ನು ನೆನೆದರೆ ಇದೇನೂ ವಿಚಿತ್ರವೆನಿಸದು. ಆದರೆ ಬರವಣಿಗೆಯಲ್ಲಿ ಅವರು ಮೂಲದ ‘ಬಿ’ಯನ್ನು ಉಳಿಸಿಕೊಂಡು ಅದರ ತಲೆಯ ಮೇಲೊಂದು ಚುಕ್ಕೆ ಇಡುತ್ತಿದ್ದರು. ಪದದ ಗುರುತು ಕೆಡುವುದಿಲ್ಲ, ಉಚ್ಚಾರವೂ ತಿಳಿಯುತ್ತದೆ.

ಹಸ್ತಪ್ರತಿಗಳಿಂದ ಅಚ್ಚಿಗೆ ಬಂದ ಈ ಚುಕ್ಕೆ 20ನೇ ಶತಮಾನದ ನಡುಭಾಗದಲ್ಲಿ, ಸಾಮಾನ್ಯ ರೋಮನ್ ಅಕ್ಷರಗಳಿಗೆ ಬದಲಾದಾಗ ಮರೆಯಾಯಿತು. ಸಾಮಾನ್ಯ ಟೈಪ್‌ರೈಟರ್‌ನಲ್ಲಿ ಚುಕ್ಕೆಯ ಅಕ್ಷರಗಳಿರಲಿಲ್ಲ, ‘ಎಚ್’ ಇತ್ತು. ನನ್ನ ಕಣ್ಣಿಗಂತೂ ಚುಕ್ಕೆಯೇ ಚೆಂದ.