ಅಮೆರಿಕದ ಮೊದಲ ಫಾಲ್: ಹಬ್ಬವನ್ನು ಶನಿವಾರಕ್ಕೆ ತಳ್ಳಬೇಡಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮೊದಲ ವರ್ಷ ನೆನಪಾಯಿತು. ಬೇಸಿಗೆಯಲ್ಲಿ ಬೆಂಗಳೂರಿನಿಂದ ಮಿಷಿಗನ್‌ಗೆ ಬಂದಿದ್ದೀರಿ. ಮಗನಿಗೆ 9, ಮಗಳಿಗೆ 6. ಶಾಲೆಯಲ್ಲಿ ಆಗಲೇ ಹ್ಯಾಲೊವೀನ್ ಮಾತು ಶುರುವಾಗಿದೆ, ನಮ್ಮ ಹಬ್ಬಗಳು ಕೆಲಸದ ದಿನವೇ ಬರುತ್ತವೆ, ಸಂಜೆ ಬೇಗ ಕತ್ತಲಾಗುತ್ತಿದೆ, ಇಲ್ಲಿನವರು ಫಾಲ್ ಅನ್ನುವ ಶರತ್ಕಾಲದ ಈ ಮೂರು ತಿಂಗಳು ಮಕ್ಕಳನ್ನು ಕಟ್ಟಿಕೊಂಡು ಮನೆಯೊಳಗೆ ಏನು ಮಾಡುವುದು ಅಂತ ಕೇಳಿದ್ದೀರಿ.

ನಾವು ಡೆಟ್ರಾಯಿಟ್ ಪಕ್ಕಕ್ಕೆ ಬಂದು 11 ವರ್ಷ ಆಯಿತು. ನಾನು ಮೈಸೂರಿನವಳು, ನಮ್ಮನೆಯವರು ಧಾರವಾಡದ ಕಡೆಯವರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಈಗ 14, ಚಿಕ್ಕವಳಿಗೆ 9. ಮಾಡುವ ಕೆಲಸ ಬೇಕಾದಷ್ಟಿದೆ, ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಹಬ್ಬವನ್ನು ಶನಿವಾರಕ್ಕೆ ತಳ್ಳಬೇಡಿ.

ಮೊದಮೊದಲು ನಾವು ಅದನ್ನೇ ಮಾಡಿದೆವು. ದೊಡ್ಡವಳು ಇನ್ನೂ ಚಿಕ್ಕವಳು, "ಅಮ್ಮಾ, ದೀಪಾವಳಿ ಯಾವತ್ತು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಪಂಚಾಂಗದ ದಿನ ಸುಮ್ನೆ ಕಳೆದುಹೋಗಿತ್ತು. ಸ್ನೇಹಿತರ ಮನೆಯ ಊಟ ಶನಿವಾರ. ಕನ್ನಡ ಕೂಟದ ಕಾರ್ಯಕ್ರಮ ಇನ್ನೂ ಮೂರು ವಾರ ಬಿಟ್ಟು. ಕೂಟದವರ ತಪ್ಪಲ್ಲ, ಹಾಲ್ ಸಿಗಬೇಕಲ್ಲ. ಅವರು ಅಷ್ಟು ಕಷ್ಟಪಟ್ಟು ಮಾಡುವುದರಿಂದಲೇ ಮಕ್ಕಳಿಗೆ ಕನ್ನಡ ಮಾತಾಡುವ ನಾಲ್ಕು ಜನ ಸಿಗುತ್ತಾರೆ, ತಪ್ಪದೆ ಹೋಗಿ. ಆದರೆ ಮನೆಯ ಹಬ್ಬ ಆ ದಿನವೇ ಮನೆಯಲ್ಲಿ ಆಗಬೇಕು. ಕಾಲು ಗಂಟೆ ಸಾಕು. ಸ್ಕೂಲ್ ಬಸ್ಸಿಗೆ ಮುಂಚೆ ನೆತ್ತಿಗೆ ಎಣ್ಣೆ ಒತ್ತಿ ಬಿಸಿನೀರು, ಸಂಜೆ ಎರಡು ಹಣತೆ, ಬಾಯಿಗೆ ಒಂದಿಷ್ಟು ಸಿಹಿ. ಕತ್ತರಿಸುವುದು, ಅಂಟಿಸುವುದು, ಕರಿಯುವುದು, ಓವನ್ನಿನ ಕೆಲಸ ಎಲ್ಲ ಹಿಂದಿನ ಶನಿವಾರ ಭಾನುವಾರಕ್ಕೆ ಇರಲಿ. ಹೀಗೆ ಮಾಡಿದರೆ ವಾರವಿಡೀ ಮಕ್ಕಳು ಆ ದಿನಕ್ಕೆ ಕಾಯುತ್ತಾರೆ.

ನಮ್ಮ ಮನೆಯಲ್ಲಿ ಇದೆಲ್ಲ ಶುರುವಾಗುವುದು ನವರಾತ್ರಿಗೆ ಕೂರಿಸುವ ಗೊಂಬೆಯಿಂದ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ ಜೋಡಿ ಸೂಟ್‌ಕೇಸಿನೊಳಗೆ ಸೀರೆ ಸುತ್ತಿಕೊಂಡು ಬಂದವು. ಜೊತೆಗೆ ಚನ್ನಪಟ್ಟಣದ ಏಳೆಂಟು ಮರದ ಬೊಂಬೆ. ಉಳಿದದ್ದೆಲ್ಲ ಇಲ್ಲೇ ಆದದ್ದು. ಮೆಟ್ಟಿಲಿಗೆ ಆನ್‌ಲೈನ್ ಸಾಮಾನು ಬಂದ ರಟ್ಟಿನ ಡಬ್ಬ, ಕುಸಿಯದಂತೆ ಒಳಗೆ ಹಳೇ ಪುಸ್ತಕ, ಮೇಲೊಂದು ಬಿಳಿ ಪಂಚೆ. ಬೆಸ ಸಂಖ್ಯೆ ಇರಬೇಕು, ಮೊದಲ ವರ್ಷ ಮೂರು ಮೆಟ್ಟಿಲು ಸಾಕೇ ಸಾಕು. ಮೆಟ್ಟಿಲ ಕೆಳಗೆ ಮಾಡುವ ಪುಟ್ಟ ಪಾರ್ಕ್ ಪೂರ್ತಿ ಮಕ್ಕಳದ್ದು. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ತಟ್ಟೆಗೆ ಮಣ್ಣು ಹಾಕಿ ರಾಗಿ, ಸಾಸಿವೆ ಚೆಲ್ಲುತ್ತೇವೆ. ಇಲ್ಲಿ ಆ ಹೊತ್ತಿಗೆ ರಾತ್ರಿ ತಂಪು ಜಾಸ್ತಿ, ಕಿಟಕಿ ಪಕ್ಕ ಇಟ್ಟರೆ ಬೇಗ ಮೊಳಕೆ ಬರುವುದಿಲ್ಲ. ಮನೆಯೊಳಗೆ ಬೆಚ್ಚಗಿರುವ ಮೂಲೆಯಲ್ಲಿಟ್ಟು, ಮೊಳಕೆ ಕಂಡ ಮೇಲೆ ಬೆಳಕಿಗೆ ತನ್ನಿ.

ಗೊಂಬೆಗಳನ್ನೂ ಮನೆಯಲ್ಲೇ ಮಾಡಬಹುದು, ಓವನ್ನಿನಲ್ಲಿ. ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದು ಕಪ್ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಿ. ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಪೂರ್ತಿ ಬೇಕಾಗದೇ ಇರಬಹುದು. ಬೇಕಾದ ರೂಪ ಮಾಡಿ 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ, ಆರಿದ ಮೇಲೆ ಬಣ್ಣ. ಚಿಕ್ಕವಳಿಗೆ ಜಂಬೂಸವಾರಿಯ ಆನೆಯೇ ಆಗಬೇಕು. 2019ರ ತನಕ ಅರ್ಜುನ ಅಂಬಾರಿ ಹೊರುತ್ತಿದ್ದ, 2020ರಲ್ಲಿ ಅಭಿಮನ್ಯು ಹೊತ್ತ ಅಂತ ಅವಳಿಗೆ ಬಾಯಿಪಾಠ. ಮೊದಲು ಮಾಡಿದ ಆನೆಯ ಸೊಂಡಿಲು ಓವನ್ನಿನಲ್ಲೇ ಬಿರುಕು ಬಿಟ್ಟು ಉದುರಿತು. ಅವಳು ಅತ್ತುಬಿಟ್ಟಳು. ಮಾರನೇ ದಿನ ಅಪ್ಪ ಮಗಳು ಕೂತು, ಸೊಂಡಿಲಿನೊಳಗೆ ಹಲ್ಲುಕಡ್ಡಿ ಮುರಿದು ಸೇರಿಸಿ, ಕತ್ತಿನ ಹತ್ತಿರ ಬೆರಳಿಗೆ ನೀರು ಹಚ್ಚಿ ನಯವಾಗಿ ಸವರಿ ಮತ್ತೆ ಮಾಡಿದರು. ಆ ಆನೆ ನಾಲ್ಕು ವರ್ಷದಿಂದ ಹಾಗೇ ಇದೆ. ತೇವ ತಾಗದಂತೆ ಡಬ್ಬದಲ್ಲಿ ಮುಚ್ಚಿಡಿ, ಉಪ್ಪು ನೀರು ಎಳೆದುಕೊಂಡು ಮೆತ್ತಗಾಗುತ್ತದೆ.

ಇನ್ನೊಂದು ಅನುಕೂಲ ಇದೆ. ಮೈಸೂರಿನಲ್ಲಿ ಸಂಜೆ ನಾಲ್ಕೂವರೆ, ಐದು ಅಂದರೆ ಆಗ ಇಲ್ಲಿ ಬೆಳಗ್ಗೆ ಏಳು, ಏಳೂವರೆ. ಅಂಬಾರಿ ಅರಮನೆಯಿಂದ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮ ಮಕ್ಕಳ ತಿಂಡಿ. ಫೋನಿನಲ್ಲಿ ನೇರ ಪ್ರಸಾರ ಹಾಕಿ ಉಪ್ಪಿಟ್ಟು ತಿನ್ನುತ್ತಾ ನೋಡುತ್ತಾರೆ, ಆಮೇಲೆ ಬಸ್ಸಿಗೆ ಓಟ. ಶನಿವಾರಕ್ಕೆ ತಳ್ಳಿದರೆ ಇದು ಸಿಗುವುದಿಲ್ಲ ನೋಡಿ.

ಬನ್ನಿಯ ವಿಷಯ ಹೇಳಲೇಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಇದು ಅಷ್ಟಾಗಿ ಇರಲಿಲ್ಲ, ನಾನು ಕಲಿತದ್ದು ಅತ್ತೆಯಿಂದ. ವಿಜಯದಶಮಿ ಸಂಜೆ ಧಾರವಾಡದಲ್ಲಿ ಎಲ್ಲರೂ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುತ್ತಾರೆ, ಚಿಕ್ಕವರು ಹಿರಿಯರ ಕಾಲು ಮುಟ್ಟುತ್ತಾರೆ. ಇಲ್ಲಿ ಬನ್ನಿ ಎಲ್ಲಿಂದ ತರುವುದು? ನಮ್ಮ ಬೀದಿಯಲ್ಲಿ ಹನಿ ಲೋಕಸ್ಟ್ ಮರಗಳಿವೆ, ನಿಮ್ಮ ಕಡೆಯೂ ಇದ್ದೇ ಇರುತ್ತವೆ, ಅಂಗಡಿಗಳ ಪಾರ್ಕಿಂಗ್ ಸುತ್ತ ಜಾಸ್ತಿ. ಒಂದೇ ಕಡ್ಡಿಗೆ ಎರಡೂ ಕಡೆ ಸಣ್ಣ ಸಣ್ಣ ಎಲೆ, ಥೇಟ್ ಬನ್ನಿಯ ಹಾಗೆ. ಬನ್ನಿಯೂ ಅದೂ ಒಂದೇ ಅವರೆ ಕುಟುಂಬದ ಮರಗಳು. ಬೇರೆ ಮರಗಳಿಗಿಂತ ಬೇಗ ಬಣ್ಣ ತಿರುಗಿ ಅಚ್ಚ ಹಳದಿ ಆಗಿಬಿಡುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2, ಗುರುವಾರ. ಶಾಲೆಯಿಂದ ಬರುವಾಗ ಇಬ್ಬರೂ ಕೋಟಿನ ಜೇಬು ತುಂಬ ಆ ಎಲೆ ತಂದರು. ಅತ್ತೆಗೆ ವಿಡಿಯೊ ಕಾಲ್ ಮಾಡಿ ಪರದೆಯ ಹತ್ತಿರ ಹಿಡಿದರೆ, "ಅಯ್ಯ, ಅಲ್ಲಿ ಖರೇನ ಬಂಗಾರ ಐತಲ್ಲವಾ!" ಅಂದರು. ಅವರು ರಾತ್ರಿ ಒಂದೂವರೆವರೆಗೂ ಎದ್ದಿದ್ದರು, ಈ ಕಾಲ್‌ಗಾಗಿ.

ಹೂವಿಗೂ ಚಿಂತೆ ಬೇಡ. ದಿನಸಿ ಅಂಗಡಿಯ ಬಾಗಿಲಲ್ಲಿ ಮಮ್ಸ್ ಅಂತ ರಾಶಿ ರಾಶಿ ಕುಂಡ ಇಟ್ಟಿರುತ್ತಾರಲ್ಲ, ಅದು ನಮ್ಮ ಸೇವಂತಿಗೆಯೇ. ಹಗಲು ಚಿಕ್ಕದಾಗುತ್ತಾ ಬಂದಾಗ ಮೊಗ್ಗು ಬಿಡುವ ಗಿಡ ಅದು, ಅದಕ್ಕೇ ಅಲ್ಲಿ ದಸರೆಗೂ ಇಲ್ಲಿ ಫಾಲ್‌ಗೂ ಸರಿಯಾಗಿ ಅರಳುತ್ತದೆ. ಎರಡು ಕುಂಡ ತಂದರೆ ನವರಾತ್ರಿಗೆಲ್ಲ ಆಗುತ್ತದೆ. ತೋರಣಕ್ಕೆ ಮಾವಿನೆಲೆ ಇಲ್ಲದಿದ್ದರೆ ಮೇಪಲ್ ಎಲೆ. ಹಾಗೇ ಪೋಣಿಸಿದರೆ ಹೀಟರ್ ಗಾಳಿಗೆ ಎರಡೇ ದಿನದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ಮೇಣದ ಹಾಳೆಯ ನಡುವೆ ಎಲೆ ಇಟ್ಟು, ಕೆಳಗೂ ಮೇಲೂ ಹಳೇ ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆ ಒತ್ತಿ. ಮೇಣ ಕರಗಿ ಎಲೆಗೆ ಅಂಟುತ್ತದೆ, ಬಣ್ಣ ವಾರಗಟ್ಟಲೆ ಉಳಿಯುತ್ತದೆ. ಇಸ್ತ್ರಿ ನೀವೇ ಹಿಡಿಯಿರಿ, ಎಲೆ ಜೋಡಿಸುವುದು ಮಕ್ಕಳಿಗೆ ಬಿಡಿ.

ಕುಂಬಳಕಾಯಿ ಬಗ್ಗೆ ಬಹಳ ಜನ ಮೋಸ ಹೋಗುತ್ತಾರೆ. ಹ್ಯಾಲೊವೀನ್‌ಗೆ ಮುಖ ಕೆತ್ತಲು ಮಾರುವ ದೊಡ್ಡ ಕಾಯಿ ಅಡುಗೆಗೆ ರುಚಿ ಇಲ್ಲ, ಬರೀ ನಾರು ನೀರು. ಅಡುಗೆಗೆ ಪೈ ಪಂಪ್ಕಿನ್ ಅಂತ ಚಿಕ್ಕದು ಸಿಗುತ್ತದೆ, ಅದು ನಮ್ಮ ಸಿಹಿಗುಂಬಳಕ್ಕೆ ಹತ್ತಿರ. ಅದನ್ನು ತುರಿದು ಬೆಲ್ಲದ ಜೊತೆ ಬೇಯಿಸಿ, ಆ ಪಾಕಕ್ಕೇ ಗೋಧಿಹಿಟ್ಟು, ಸ್ವಲ್ಪ ರವೆ, ಏಲಕ್ಕಿ ಹಾಕಿ ಕಲಸಿ ತಟ್ಟಿ ಕರಿದರೆ ಗಾರಿಗೆ. ಇಲ್ಲಿನವರು ಮಾಡುವ ಪಂಪ್ಕಿನ್ ಬ್ರೆಡ್ಡನ್ನೂ ನಾನು ಸಕ್ಕರೆ ಬದಲು ಬೆಲ್ಲ, ದಾಲ್ಚಿನ್ನಿ ಬದಲು ಏಲಕ್ಕಿ ಹಾಕಿ ಮಾಡುತ್ತೇನೆ. ಆದರೆ ಗಾರಿಗೆ ಇದ್ದ ದಿನ ಅದನ್ನು ಯಾರೂ ಮುಟ್ಟುವುದಿಲ್ಲ. ಕೆತ್ತಿದ ಕಾಯಿಯ ಬೀಜ ಮಾತ್ರ ಬಿಸಾಡಬೇಡಿ. ತೊಳೆದು ಆರಿಸಿ, ಎಣ್ಣೆ, ಉಪ್ಪು, ಒಂದು ಚಮಚ ಸಾರಿನ ಪುಡಿ ಸವರಿ 300 ಡಿಗ್ರಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಅಂದ ಹಾಗೆ, ಆಯುಧಪೂಜೆಗೆ ಬೂದುಗುಂಬಳ ಬೇಕಿದ್ದರೆ ಚೀನೀ ಅಂಗಡಿಗೆ ಹೋಗಿ, ವಿಂಟರ್ ಮೆಲನ್ ಅಂತ ಇಟ್ಟಿರುತ್ತಾರೆ.

ಬೇಕಿಂಗ್‌ನಲ್ಲಿ ನಮ್ಮ ಮನೆಯ ಮುಖ್ಯ ಬಾಬತ್ತು ಖಾರ ಬಿಸ್ಕತ್ತು. ಬೆಂಗಳೂರಿನವರಿಗೆ ಅಯ್ಯಂಗಾರ್ ಬೇಕರಿ ಮುಂದೆ ನಿಂತಾಗ ಬರುವ ಆ ವಾಸನೆ ಬಗ್ಗೆ ನಾನು ಹೇಳಬೇಕೇ? ಎರಡು ಕಪ್ ಮೈದಾಗೆ ಅರ್ಧ ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಉಪ್ಪು, ಎರಡು ದೊಡ್ಡ ಚಮಚ ಸಕ್ಕರೆ. ಸಕ್ಕರೆ ಬಿಡಬೇಡಿ, ಆ ಸಣ್ಣ ಸಿಹಿ ಇದ್ದರೇ ಖಾರ ಎದ್ದು ಬರುವುದು. 120 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ, ರವೆಯಂತೆ ಉದುರುದುರಾಗಬೇಕು. ಸಣ್ಣಗೆ ಹೆಚ್ಚಿದ ನಾಲ್ಕು ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಜೀರಿಗೆ. ಮೂರು ನಾಲ್ಕು ಚಮಚ ಮೊಸರಲ್ಲಿ ಒಟ್ಟುಗೂಡಿಸಿ, ನಾದಬೇಡಿ. ಸೊಪ್ಪು ಪೂರ್ತಿ ಆರಿರಬೇಕು, ಹಸಿ ಇದ್ದರೆ ಬಿಸ್ಕತ್ತು ಮೆತ್ತಗಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಲಟ್ಟಿಸಿ, ಲೋಟದ ಬಾಯಲ್ಲಿ ಕತ್ತರಿಸಿ, 350 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಅಂಚು ಕೆಂಪಗಾದ ಕೂಡಲೇ ತೆಗೆಯಿರಿ. ಬಿಸಿ ಇರುವಾಗ ಮೆತ್ತಗೇ ಇರುತ್ತದೆ, ಆರಿದರೆ ಗರಿಗರಿ.

ಶುಕ್ರವಾರ ರಾತ್ರಿ ಆ ಬಿಸ್ಕತ್ತು, ಸೇಬಿನ ತೋಟದಿಂದ ತಂದು ಬಿಸಿ ಮಾಡಿದ ಸೈಡರ್ ಅನ್ನುವ ಸೇಬಿನ ರಸ, ಒಂದು ಸಿನಿಮಾ. ಒಂದು ವಾರ ಮಕ್ಕಳು ಆರಿಸಿದ್ದು, ಮುಂದಿನ ವಾರ ಕನ್ನಡದ್ದು. ರಾಜ್‌ಕುಮಾರ್ ಅವರ ಪೌರಾಣಿಕ ಚಿತ್ರಗಳಿಂದ ಶುರುಮಾಡಿ. ಭಾಷೆ ಗಟ್ಟಿ ಇದೆ, ಮಕ್ಕಳಿಗೆ ಅರ್ಥವಾಗಲ್ಲ ಅಂತ ನನಗೂ ಅನುಮಾನ ಇತ್ತು. ಕತ್ತಿ, ಗದೆ, ಕಿರೀಟ ಇದ್ದರೆ ಅರ್ಥ ತಾನಾಗೇ ಆಗುತ್ತದೆ. ನಡುನಡುವೆ ನಿಲ್ಲಿಸಿ ಪಾಠ ಮಾಡಬೇಡಿ, ಕೇಳಿದ್ದಕ್ಕೆ ಮಾತ್ರ ಹೇಳಿ.

ಹ್ಯಾಲೊವೀನ್‌ಗೆ ಹೆದರಬೇಡಿ, ಮಕ್ಕಳನ್ನು ತಡೆಯಲೂ ಬೇಡಿ. 2024ರಲ್ಲಿ ನರಕ ಚತುರ್ದಶಿ ಬಂದದ್ದೇ ಅಕ್ಟೋಬರ್ 31ಕ್ಕೆ. ಬೆಳಗ್ಗೆ ಕತ್ತಲಲ್ಲೇ ಎಣ್ಣೆಸ್ನಾನ, ಸಂಜೆ ವೇಷ. ಬಾಗಿಲ ಒಂದು ಕಡೆ ಹಲ್ಲು ಕಿರಿಯುವ ಕುಂಬಳಕಾಯಿ, ಇನ್ನೊಂದು ಕಡೆ ಕಲ್ಲಿನ ಕಟ್ಟೆಯ ಮೇಲೆ ಹಣತೆ ಸಾಲು. ಮಕ್ಕಳ ವೇಷದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ, ಅದಕ್ಕೆ ಓಡಾಡುವ ದಾರಿಯಲ್ಲಿ ಬರೀ ಬ್ಯಾಟರಿ ದೀಪ ಇಟ್ಟಿದ್ದೆವು. ಅಸ್ಥಿಪಂಜರದ ವೇಷದ ಪುಟ್ಟ ಹುಡುಗನೊಬ್ಬ ಚಾಕೊಲೇಟ್ ತಗೊಂಡು ಹೋಗುವವನು ಹಣತೆ ನೋಡಿ ನಿಂತುಬಿಟ್ಟ. ನಿಜವಾದ ಬೆಂಕಿಯಾ ಅಂತ ಕೇಳಿದ. ಚಿಕ್ಕವಳು, ರಾಕ್ಷಸ ಸತ್ತ ಖುಷಿಗೆ ಹಚ್ಚಿದ್ದು ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳಿದಳು. ನಾನು ಹೇಳಿಕೊಟ್ಟಿರಲಿಲ್ಲ. ಮನೆಗೆ ಬರುವ ಮಕ್ಕಳಿಗೆ ಮಾತ್ರ ಅಂಗಡಿಯ ಮುಚ್ಚಿದ ಪೊಟ್ಟಣವನ್ನೇ ಕೊಡಿ, ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಆ ದಿನ ತಗೊಳ್ಳುವುದಿಲ್ಲ. ಅಕ್ಕಪಕ್ಕದವರಿಗೆ ಚಕ್ಕುಲಿ ಕೊಡುವಾಗಲೂ ಕಡಲೆಕಾಯಿ, ಗೋಡಂಬಿ ಇದೆಯೇ ಅಂತ ಮೊದಲೇ ಹೇಳಿ, ಅಲರ್ಜಿ ಇರುವವರು ಬಹಳ.

ಮಾರನೇ ದಿನವೇ ನವೆಂಬರ್ 1. ಮೇಣದ ಹಾಳೆಯ ಎಲೆ ಉಳಿದಿರುತ್ತದಲ್ಲ, ಮೇಲೆ ಹಳದಿ ಎಲೆ, ಕೆಳಗೆ ಕೆಂಪು ಎಲೆ ಜೋಡಿಸಿ ಕಿಟಕಿಗೆ ಅಂಟಿಸಿ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ನಮ್ಮ ಬಾವುಟ ಅಡುಗೆಮನೆ ನೆಲದ ಮೇಲೂ ಕಾಣುತ್ತದೆ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು, ಇಷ್ಟು ಹೇಳಿದರೆ ಸಾಕು. ಉಳಿದದ್ದು ಅವರೇ ಕೇಳುತ್ತಾರೆ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹೊಸಬರಿಗೆ ಕಷ್ಟ ಅನ್ನಿಸುವುದು ಈ ವಾರ. ನಾವು ಆಕಾಶಬುಟ್ಟಿಯನ್ನು ಈ ವಾರವೂ ಇಳಿಸುವುದಿಲ್ಲ, ತುಳಸಿ ಹಬ್ಬದ ತನಕ ವರಾಂಡದಲ್ಲಿ ತೂಗುತ್ತಿರುತ್ತದೆ. ಕಬಾಬಿಗೆ ಮಾರುವ ಬಿದಿರ ಕಡ್ಡಿ, ದಾರ, ಬಣ್ಣದ ತೆಳು ಕಾಗದ, ಒಳಗೆ ಚಿಕ್ಕ ಎಲ್‌ಇಡಿ ದೀಪ. ಶಾಲೆಯ ಬಸ್ಸು ಇಳಿದು ಬರುವ ಮಕ್ಕಳಿಗೆ ದೂರದಿಂದಲೇ ನಮ್ಮ ಮನೆ ಯಾವುದು ಅಂತ ಗೊತ್ತಾಗುತ್ತದೆ.

ಈ ಶನಿವಾರ ರಾಗಿ ಬಿತ್ತಿ, ರಟ್ಟಿನ ಡಬ್ಬ ಯಾವುದನ್ನೂ ಎಸೆಯಬೇಡಿ. ಖಾರ ಬಿಸ್ಕತ್ತಿನ ಹಿಟ್ಟು ಸಡಿಲವಾದರೆ ಇಲ್ಲೇ ಕೇಳಿ, ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡಿ ಉತ್ತರ ಹಾಕುತ್ತೇನೆ.